ಗುಲಾಬಿ ಇಲ್ಲದ ಕಾರ್ಡುಗಳು

ಆಗುವುದಿಲ್ಲ ಎಂದವರು ನನ್ನ ಸೋದರಮಾವ ಈರಪ್ಪ. ಸಾಲಹಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಎಲೆಗೆ ಸುಣ್ಣ ಸವರುತ್ತ, ಹತ್ತು ಮಂದಿಯ ಮುಂದೆ ಅಂದರು: "ಯವ್ವಾ ನೀಲವ್ವಾ, ನೀ ಬಿ.ಎ. ಆದಿ, ಖುಷಿ ಆತು. ಆದ್ರ ಕಾಗದಾ ಮಡಚಿ, ಚಿತ್ರಾ ಒತ್ತಿ, ಕಾಯಂ ನೌಕರಿ ತಗೋತೇನಿ ಅಂತಿಯಲ್ಲ, ಅದು ಮಾತ್ರ ಆಗಂಗಿಲ್ಲ. ಬರದಿಟ್ಕೊ."

ಬರೆದಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಬರೆದಿಟ್ಟುಕೊಳ್ಳಲು ಬರುತ್ತಿದ್ದವಳು ನಾನೊಬ್ಬಳೇ.

ಆ ಬಿ.ಎ. ಕೂಡ ಕುಳಿತು ಓದಿದ್ದಲ್ಲ. ಸಾಲಹಳ್ಳಿಯಿಂದ ರಾಮದುರ್ಗದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓದಿದ್ದು. ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಊರಲ್ಲಿ ನಮ್ಮ ಮನೆತನದ ಮೊದಲ ಡಿಗ್ರಿ ಅದು, ಹೆಣ್ಣಿನದಿರಲಿ, ಗಂಡಿನದೂ ಸೇರಿ.

ಈಗ ನಿವೃತ್ತಳಾಗಿದ್ದೇನೆ. ಕಾರ್ಡು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬಂದು, "ಅಕ್ಕೋರ, ಏನರ ಹೇಳ್ರಿ" ಅನ್ನುತ್ತಾರೆ. ಕಾರ್ಡು ಮಾಡುವುದನ್ನು ಹೇಳುವುದು ಸುಲಭ. ಹೇಳಬೇಕಾದದ್ದು ಕೆಲಸ ಕೈಬಿಟ್ಟು ಹೋಗುವ ಅಂಜಿಕೆಯನ್ನು. ನಾನು ಆ ಅಂಜಿಕೆಯ ಜೊತೆಗೇ ಹತ್ತು ವರ್ಷ ಕಲಿಸಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೈಲಹೊಂಗಲದ ಒಂದು ಮಹಿಳಾ ತರಬೇತಿ ಕೇಂದ್ರಕ್ಕೆ ಬೋಧಕಿಯಾಗಿ ಸೇರಿದೆ. ಹೊಲಿಗೆ, ಕಸೂತಿ, ಕೈಯಿಂದ ಮಾಡುವ ಶುಭಾಶಯದ ಕಾರ್ಡು ಹೀಗೆ ಮೂರು ವಿಭಾಗ. ನನಗೆ ಕಾರ್ಡು ಬಂತು. ಹುದ್ದೆ ತಾತ್ಕಾಲಿಕ. ಕಾಯಂ ಆಗಬೇಕಾದರೆ ಆ ಕಸುಬಿನದೇ ಸರ್ಟಿಫಿಕೇಟು ಬೇಕು, ನನ್ನ ಹತ್ತಿರ ಇದ್ದದ್ದು ಇತಿಹಾಸದ ಡಿಗ್ರಿ. ಪ್ರತಿ ವರ್ಷ ಜೂನಿನಲ್ಲಿ ಹೊಸ ಆದೇಶ ಬಂದರೆ ಉಂಟು, ಬರದಿದ್ದರೆ ಇಲ್ಲ. ಆದೇಶಕ್ಕೆ ಶಿಫಾರಸು ಬರೆಯಬೇಕಾದವರು ನಮ್ಮ ಮೇಲ್ವಿಚಾರಕಿ ಸುಶೀಲಾಬಾಯಿ. ಧಾರವಾಡದವರು, ಗಂಜಿ ಹಾಕಿದ ಸೀರೆ, ಕೈಯಲ್ಲಿ ಯಾವಾಗಲೂ ಮರದ ಫೂಟಪಟ್ಟಿ. ಪ್ರತಿಯೊಂದು ತಪ್ಪಿಗೂ ಅವರದು ಒಂದೇ ಮಾತು: "ನೀಲವ್ವಾ, ಜೂನ್ ಬರತದ, ನೆನಪಿರಲಿ."

ನನಗೆ ಕಲಿಸಿದ ಹಳೆಯ ಬೋಧಕಿ ಮೂರೇ ತಿಂಗಳಲ್ಲಿ ವರ್ಗವಾಗಿ ಹೋದರು, ಒಂದು ತಗಡಿನ ಪೆಟ್ಟಿಗೆ ಬಿಟ್ಟು. ಅದರಲ್ಲಿ ಬ್ಲೇಡು, ಜಲವರ್ಣದ ಬಿಲ್ಲೆಗಳು, ಎರಡು ಕುಂಚ, ಮತ್ತು ಹೂವು, ಹಕ್ಕಿ ಕೆತ್ತಿದ ಏಳೆಂಟು ರಬ್ಬರಿನ ಶಿಕ್ಕಾಗಳು, ಅಂದರೆ ಒತ್ತುವ ಮೊಹರುಗಳು. ಶಾಯಿ ಎಂದರೆ ಆಫೀಸಿನ ಸ್ಟ್ಯಾಂಪ್ ಪ್ಯಾಡಿನದೇ, ನೇರಳೆ. ಮೊದಲ ವಾರವೇ ನಾನು ಶಿಕ್ಕಾ ಒತ್ತಿ, ಅದರ ಮೇಲೆ ಬಣ್ಣದ ನೀರು ಎಳೆದೆ. ನೇರಳೆ ಶಾಯಿ ನೀರಿನ ಹಿಂದೆ ಹೊರಟುಬಿಟ್ಟಿತು. ನಲವತ್ತು ಕಾರ್ಡು ಕಸದ ಬುಟ್ಟಿಗೆ. ಅಂದಿನಿಂದ ಪಾಠ ತಿರುಗಿಸಿಕೊಂಡೆ. ಮೊದಲು ಬಣ್ಣ, ಅದು ಒಣಗಬೇಕು, ಆಮೇಲೆ ಶಿಕ್ಕಾ. ಒಣಗಿದ್ದು ಕಣ್ಣಿಗೆ ತಿಳಿಯುವುದಿಲ್ಲ. ಅಂಗೈಯ ಹಿಂಬದಿಯನ್ನು ಹಾಳೆಗೆ ಮುಟ್ಟಿಸಿ ನೋಡಬೇಕು. ತಣ್ಣಗೆ ಹತ್ತಿದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ. ಇದನ್ನು ನಾನು ಎಷ್ಟು ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಗಂಡಸರ ಕಾರ್ಡು ಶುರುವಾದದ್ದು ಇಬ್ಬರು ಪೈಲವಾನರಿಂದ. ದೀಪಾವಳಿಯ ಮುಂದೆ ಕೇಂದ್ರದ ಬಾಗಿಲಲ್ಲಿ ಬಂದು ನಿಂತರು. ಒಳಗೆಲ್ಲ ಹೆಣ್ಣುಮಕ್ಕಳನ್ನು ಕಂಡು ನೆಲ ನೋಡಿಕೊಂಡೇ ಮಾತಾಡಿದರು.

"ನಮ್ಮ ಉಸ್ತಾದರಿಗೆ ಒಂದು ಗ್ರೀಟಿಂಗ್ ಕೊಡಬೇಕ್ರಿ ಅಕ್ಕೋರ. ಪ್ಯಾಟಿ ಎಲ್ಲಾ ತಿರಗೀವಿ. ಒಂದರ ಮ್ಯಾಲ ಗುಲಾಬಿ, ಒಂದರ ಮ್ಯಾಲ ಬೆಕ್ಕಿನ ಮರಿ. ಅಂಥಾದ್ದು ಕೊಟ್ರ ನಮ್ಮನ್ನ ಮಣ್ಣಾಗ ಹೂಳತಾರ್ರಿ."

ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಸುಶೀಲಾಬಾಯಿ ನಗಲಿಲ್ಲ. ಪೈಲವಾನರು ಹೋದ ಮೇಲೆ ನನ್ನನ್ನು ಕರೆದು, "ಗಂಡಸರಿಗೆ ಏನ ಬೇಕು ಅಂತ ಹೆಂಗಸರಿಗೇನ ತಿಳೀತದ? ಸುಮ್ಮನ ಹೂವಿಂದ ಕಲಸ್ರಿ" ಅಂದರು.

"ಬಾಯಾರ, ಅದು ತಿಳೀದಿದ್ರ ಈ ಊರಾಗ ಒಬ್ಬ ಗಂಡಸೂ ಹೊಟ್ಟಿ ತುಂಬ ಉಂಡಿರ್ತಿರಲಿಲ್ರಿ" ಅಂದೆ. ಅಂದ ಮೇಲೆ ಜೂನ್ ನೆನಪಾಯಿತು. ಆದರೆ ಮಾತು ಹೊರಗೆ ಬಿದ್ದಾಗಿತ್ತು. "ಮಾಡ್ರಿ. ಕೆಟ್ರ ನಿಮ್ಮ ಹೆಸರಿಲೆ ಕೆಡತದ" ಅಂದರು ಬಾಯಾರು.

ಗರಡಿ ಮನೆಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹೊರಗೆ ನಿಂತು, ಅವರು ಕಸರತ್ತಿಗೆ ತಿರುವುವ, ಗದೆಯಂಥ ಮರದ ಕರೇಲಾ ತರಿಸಿ ನೋಡಿದೆ. ಹಿಡಿಕೆ ಹಿಡಿದು ಹಿಡಿದು ನುಣ್ಣಗಾಗಿತ್ತು. ಅಖಾಡದ ಕೆಂಪು ಮಣ್ಣು ಒಂದು ಹಿಡಿ ಕಾಗದದಲ್ಲಿ ಕಟ್ಟಿಸಿಕೊಂಡು ಬಂದು, ಅದಕ್ಕೆ ಸರಿಯಾಗುವವರೆಗೆ ಬಣ್ಣ ಕಲಸಿದೆ. ಹಾಳೆಯ ಕೆಳ ಅರ್ಧಕ್ಕೆ ಆ ಮಣ್ಣಿನ ಬಣ್ಣ, ಅದರ ಮೇಲೆ ನಿಂತ ಎರಡು ಕರೇಲಾ, ಉಳಿದದ್ದು ಖಾಲಿ. ಉಸ್ತಾದರು ಕಾರ್ಡನ್ನು ಮೂಸಿ ನೋಡಿದರಂತೆ, ಮಣ್ಣಿನ ವಾಸನೆ ಬರುತ್ತದೇನೋ ಎಂದು. ಅಲ್ಲಿಂದ ನನಗೆ ತಿಳಿದದ್ದು ಇಷ್ಟೇ: ಗಂಡಸಿಗೆ ಕೊಡುವ ಕಾರ್ಡಿನಲ್ಲಿ ಗಂಡಸಿನ ಚಿತ್ರ ಬೇಕಿಲ್ಲ, ಅವನ ಕೈಯಲ್ಲಿ ಸವೆದ ವಸ್ತು ಬೇಕು. ಬಾರುಕೋಲು, ಸೈಕಲ್ಲು, ನಟ್ಟು ಬಿಗಿಯುವ ಪಾನಾ, ತಕ್ಕಡಿ, ತಲೆಗೆ ಸುತ್ತುವ ರುಮಾಲು. ಮತ್ತೆ ಖಾಲಿ ಜಾಗ ಬೇಕು. ನಮ್ಮ ಕಡೆ ಗಂಡಸರು ಮಾತು ಕಡಿಮೆ ಆಡುತ್ತಾರೆ, ಕಾರ್ಡೂ ಹಾಗೇ ಇರಬೇಕು.

ಆದೇಶ ಆ ವರ್ಷ ಬಂತು. ಬಂದದ್ದು ನನ್ನ ತಲೆಗೂ ಏರಿತು.

ಶಿಕ್ಕಾ ಕೆತ್ತಲು ಒಳ್ಳೆಯ ರಬ್ಬರು ಬೈಲಹೊಂಗಲದಲ್ಲಿ ಸಿಗುತ್ತಿರಲಿಲ್ಲ. ನಾನೊಂದು ಉಪಾಯ ಕಂಡುಕೊಂಡೆ. ಹೊಸ ಹವಾಯಿ ಚಪ್ಪಲಿಯ ಅಡಿಯನ್ನು ಬ್ಲೇಡಿನಿಂದ ಕೆತ್ತಿದರೆ ಬೆಣ್ಣೆಯಂತೆ ಬರುತ್ತದೆ, ಶಾಯಿಯನ್ನೂ ಚೆನ್ನಾಗಿ ಹಿಡಿಯುತ್ತದೆ. ಸವದತ್ತಿಯ ಒಬ್ಬ ಕಾಳಿನ ವ್ಯಾಪಾರಿ ತಮ್ಮ ತಂದೆಗೆ ಕೊಡಲು ರುಮಾಲಿನ ಚಿತ್ರದ ಕಾರ್ಡು ಹೇಳಿದ್ದರು. ತಗೊಂಡು ಹೋಗಲು ಬಂದವರು ಮೇಜಿನ ಮೇಲಿದ್ದ ಶಿಕ್ಕಾ ಎತ್ತಿ ತಿರುಗಿಸಿದರು. ಒಂದು ಕಡೆ ಅಪ್ಪನ ರುಮಾಲು, ಇನ್ನೊಂದು ಕಡೆ ಚಪ್ಪಲಿಯ ಗೀರು.

"ಇದೇನ್ರಿ ಇದು?"

"ಹೊಸಾದ್ರಿ ಸಾವಕಾರ್ರ. ಅಂಗಡ್ಯಾಗಿಂದ ತಂದು ನೇರ ಕೊಯ್ದೇನ್ರಿ. ಯಾರ ಕಾಲಿಗೂ ಮುಟ್ಟಿಲ್ಲ, ದೇವರಾಣಿ."

"ಕಾಲಿಗೆ ಮುಟ್ಟಿಲ್ಲ, ಖರೆ. ಆದ್ರ ಕಾಲಿಗಂತನ ಹುಟ್ಟೇತಲ್ರಿ ಅದು! ನಮ್ಮಪ್ಪನ ರುಮಾಲಕ್ಕ ಚಪ್ಪಲ ಹೊಡದು ಕೊಡಾಕ ಹತ್ತೀರೇನು?"

ಅವರ ಮಾತು ಸರಿಯಿತ್ತು. ನನ್ನ ತಲೆಯಲ್ಲಿ ರಬ್ಬರು ಇತ್ತು, ಅವರ ಕಣ್ಣಲ್ಲಿ ಅಪ್ಪನಿದ್ದ. ಸುಶೀಲಾಬಾಯಿ ಒಳಗಿಂದ ಬಂದು ಅವರ ಮುಂದೆ ಕೈ ಮುಗಿದರು. ಕಾರ್ಡು ಅಲ್ಲೇ ಹರಿದು ಹಾಕಿದೆವು. ಮರುದಿನದಿಂದ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ, ಕಿತ್ತೂರಿನ ಬಡಿಗರಿಂದ ತಂದ ಸಾಗುವಾನಿ ತುಂಡಿಗೆ ಅಂಟಿಸಿ ಶಿಕ್ಕಾ ಮಾಡಿದೆ. ಟ್ಯೂಬು ಕೆತ್ತಲು ಕಷ್ಟ, ಬೆರಳು ಕೊಯ್ಯುತ್ತದೆ. ಕೊಯ್ಯಲಿ. ಕಾರ್ಡು ಕೈಯಿಂದ ಕೈಗೆ ಹೋಗುವ ವಸ್ತು. ಅದು ಯಾವುದರಿಂದ ಆಗಿದೆ ಎಂಬುದೂ ಅದರ ಒಳಗಿನ ಮಾತೇ.

ಅದಕ್ಕಿಂತ ದೊಡ್ಡ ತಪ್ಪು ಇನ್ನೂ ಇತ್ತು.

ಗಂಡಸರ ಕಾರ್ಡು ಎಂದರೆ ಬಣ್ಣ ಕಡಿಮೆ, ಗೆರೆ ಗಟ್ಟಿ ಎಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಕಿತ್ತೂರಿನ ಒಬ್ಬ ಸಾಲಿ ಮಾಸ್ತರರು ಕಟಕೋಳದಲ್ಲಿದ್ದ ತಮ್ಮ ತಂದೆಗೆ ಯುಗಾದಿಯ ಕಾರ್ಡು ಕೇಳಿದರು. ಬಾರುಕೋಲಿನ ಚಿತ್ರ ಹಾಕಿ, ಸುತ್ತ ಬೆರಳಗಲದ ಕಪ್ಪು ಅಂಚು ಎಳೆದೆ. ನೋಡಲು ಗಂಭೀರವಾಗಿ ಕಂಡಿತು. ಲಕೋಟೆಗೂ ಅದೇ ಕಪ್ಪು ಅಂಚು ಎಳೆದುಕೊಟ್ಟೆ. ಮಾಸ್ತರರು ಅದನ್ನು ಟಪಾಲಿಗೆ ಹಾಕಿದರು.

ನಮ್ಮ ಕಡೆ ಕಪ್ಪು ಅಂಚಿನ ಕಾಗದ ಬಂತೆಂದರೆ ಏನು ಅರ್ಥ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಥ ಸಾವಿನ ಕಾಗದವನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ಓದಿಸಿ ಹರಿದು ಹಾಕುತ್ತಾರೆ. ಗೊತ್ತಿದ್ದದ್ದು ಚಿತ್ರ ಬರೆಯುವಾಗ ಎಲ್ಲಿ ಹೋಗಿತ್ತೋ.

ಕಟಕೋಳದಲ್ಲಿ ಟಪಾಲಿನವನು ಲಕೋಟೆಯನ್ನು ಮಾಸ್ತರರ ತಾಯಿಯ ಕೈಗೆ ಕೊಟ್ಟು ಹೋದ. ಆಕೆಗೆ ಓದು ಬಾರದು. ಕಪ್ಪು ಅಂಚು ನೋಡಿ ಅಂಗಳದಲ್ಲೇ ಕುಸಿದರು. ಮಗ ಇರುವುದು ಕಿತ್ತೂರಲ್ಲಿ, ಕಾಗದ ಬಂದದ್ದೂ ಕಿತ್ತೂರಿಂದ ಎಂದು ಟಪಾಲಿನವನೇ ಹೇಳಿದ್ದ. ಓಣಿ ಸೇರಿತು. ಓದು ಬಲ್ಲ ಪಕ್ಕದ ಮನೆಯವನು ಬಂದು, "ಅಪ್ಪನಿಗೆ ಯುಗಾದಿಯ ಶುಭಾಶಯ ಅಂತ ಬರದಾರ್ರಿ" ಎಂದು ಓದಿದ. ಯಾರೂ ನಂಬಲಿಲ್ಲ. ತಾಯಿಗೆ ಆಘಾತ ಆಗಬಾರದೆಂದು ಸುಳ್ಳು ಓದುತ್ತಿದ್ದಾನೆ ಅಂದುಕೊಂಡರು. ಅವನು ಆಣೆ ಮಾಡಿದಷ್ಟೂ ಅಳು ಜೋರಾಯಿತು. ಕೊನೆಗೆ ಟೆಂಪೋ ಹಿಡಿದು ಹದಿನೈದು ಮಂದಿ ಕಿತ್ತೂರಿಗೆ ಹೊರಟರು. ಅಲ್ಲಿ ಮಾಸ್ತರರು ಹೋಳಿಗೆ ಊಟ ಮಾಡುತ್ತಿದ್ದರು.

ಮರುದಿನ ತಂದೆ, ಮಗ ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಮುದುಕ ಕಾರ್ಡನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ.

"ಬಯ್ಯಾಕಂತ ಬಂದೇನವಾ. ಆದ್ರ ಮಗಾ ಉಣ್ಣೂದನ್ನ ನೋಡಿ ಬಂದೇನಿ, ಬಾಯಿ ಬರವಲ್ದು. ಒಂದ ಮಾತು ಹೇಳ್ತೇನಿ, ಕೇಳು. ಕರಿ ಬಳಿಯೂ ಮುಂದ ಯಾರ ಮನಿಗೆ ಹೊಕ್ಕೈತಿ ಅನ್ನೂದು ನೋಡಬೇಕು."

ಸುಶೀಲಾಬಾಯಿ ಜೂನ್ ಎಂಬ ಮಾತನ್ನೇ ಎತ್ತಲಿಲ್ಲ. ಅದರಿಂದ ಅಂಜಿಕೆ ಇನ್ನೂ ಹೆಚ್ಚಾಯಿತು. ಆ ವರ್ಷದ ಆದೇಶ ಬಂದದ್ದು ಆಗಸ್ಟಿನಲ್ಲಿ. ಎರಡು ತಿಂಗಳು ಹಾಜರಿಗೆ ಸಹಿ ಮಾಡುವ ಹಕ್ಕಿಲ್ಲದೆ ದಿನಾ ಹೋಗಿ ಕಲಿಸಿ ಬಂದೆ. ಕಪ್ಪನ್ನು ಬಿಟ್ಟು ಕಡು ನೀಲಿ, ಗಂಧದ ಬಣ್ಣ ಹಿಡಿದೆ. ಪ್ರತಿ ಲಕೋಟೆಯ ಮೂಲೆಗೆ ಅರಿಶಿನದ ಬೊಟ್ಟು ಹಚ್ಚಿಸಿದೆ. ಇದು ಸುಖದ ಸುದ್ದಿ ಎಂದು ಓದು ಬಾರದವರಿಗೂ ದೂರದಿಂದ ತಿಳಿಯಬೇಕು.

ಎರಡು ಸಾವಿರದ ಹೊತ್ತಿಗೆ ಪೇಟೆಗೆ ಕಂಪ್ಯೂಟರ್ ಬಂತು. ಫೋಟೋ ಹಾಕಿದ ಕಾರ್ಡು ಅರ್ಧ ಗಂಟೆಯಲ್ಲಿ ಕೈಗೆ ಬರತೊಡಗಿತು. ಆಮೇಲೆ ಮೊಬೈಲಿನಲ್ಲಿ ಶುಭಾಶಯ. ಆದರೂ ನಮ್ಮ ಗಂಡಸರ ಕಾರ್ಡು ನಿಲ್ಲಲಿಲ್ಲ, ಏಕೆಂದರೆ ಕಂಪ್ಯೂಟರಿನವರು ಮತ್ತೆ ಗುಲಾಬಿಯನ್ನೇ ಹಾಕುತ್ತಿದ್ದರು. ಕೆಲಸ ನಿಲ್ಲಿಸಲು ಬಂದದ್ದು ಒಂದು ಸುತ್ತೋಲೆ. ಆ ಕಸುಬಿನ ಸರ್ಟಿಫಿಕೇಟು ಇಲ್ಲದ ಬೋಧಕಿಯರನ್ನು ಮುಂದಿನ ಜೂನಿನಿಂದ ಮುಂದುವರಿಸುವಂತಿಲ್ಲ.

ಸುಶೀಲಾಬಾಯಿ ಸುತ್ತೋಲೆಯನ್ನು ನನ್ನ ಮುಂದೆ ತಳ್ಳಿದರು. "ದಾರಿ ಒಂದ ಅದ. ಖಾಸಗಿಯಾಗಿ ಪರೀಕ್ಷಾಕ್ಕ ಕೂಡ್ರಿ."

"ಯಾವ ಪರೀಕ್ಷಾರಿ?"

"ನೀವು ಕಲಸಿದ್ದ."

ನಮ್ಮ ಹುಡುಗಿಯರು ಕೂರುವ ಪರೀಕ್ಷೆ. ಅದೇ ಕೋಣೆ, ಅದೇ ಬೆಂಚು. ಮನೆಗೆ ಬಂದು ನನ್ನ ಜೊತೆಗಿದ್ದ ಅವ್ವನಿಗೆ ಹೇಳಿದೆ. ಅವ್ವ ಕಾರ್ಡಿಗೆ ಅಂಟು ಕಾಸುವುದು, ಒತ್ತಿದ ಶಿಕ್ಕಾ ನೆಟ್ಟಗೆ ಬಿದ್ದಿದೆಯೋ ಇಲ್ಲವೋ ಎಂದು ದೂರ ಹಿಡಿದು ನೋಡುವುದು, ಇಷ್ಟರಲ್ಲೇ ಅರ್ಧ ಕಸುಬು ಕಲಿತಿದ್ದಳು.

"ಅವರ ಮುಂದ ನಪಾಸ ಆದ್ರ ಹೆಂಗ ಬೇ?" ಅಂದೆ.

"ಕೂಡದಿದ್ರ ಆಗಲೇ ನಪಾಸಲ್ಲೇನ?" ಅಂದಳು.

ಪರೀಕ್ಷೆ ಸವದತ್ತಿಯ ಒಂದು ಶಾಲೆಯಲ್ಲಿ. ಬೆಳಗಿನಿಂದ ಜಿಟಿಜಿಟಿ ಮಳೆ. ಹೊರಗೆ ಬಸ್ ತುಂಬ ಉಗರಗೋಳದ ಕಡೆ ದೇವಿಯ ಗುಡ್ಡಕ್ಕೆ ಹೋಗುವ ಭಕ್ತರು, ಒಳಗೆ ನಾವು ಹನ್ನೆರಡು ಮಂದಿ. ನನ್ನ ಹನ್ನೊಂದು ವಿದ್ಯಾರ್ಥಿನಿಯರು ಮತ್ತು ನಾನು. ನನ್ನ ಪಕ್ಕದ ಬೆಂಚಿಗೆ ಉಗರಗೋಳದ ಮಹಾದೇವಿ. ಅಪ್ಪ ಅಮ್ಮ ಗುಡ್ಡದ ದಾರಿಯಲ್ಲಿ ಕಾಯಿ, ಕರ್ಪೂರ ಮಾರುವವರು. ಆಕೆಯ ಕೈ ನನಗಿಂತ ಚುರುಕು. ಪರೀಕ್ಷಕರು ಧಾರವಾಡದಿಂದ ಬಂದ ಹಿರಿಯರು. ತಲೆಗೊಂದೇ ಹಾಳೆ ಹಂಚಿದರು. "ಕೆಟ್ರ ಇನ್ನೊಂದು ಸಿಗಂಗಿಲ್ಲ. ಮೂರು ತಾಸು. ಮಾತಾಡಿದ್ರ ಹೊರಗ."

ಪ್ರಶ್ನೆ: ನಿವೃತ್ತನಾಗುವ ಬಸ್ಸಿನ ಡ್ರೈವರನಿಗೆ ಜೊತೆಗಾರರು ಕೊಡುವ ಕಾರ್ಡು.

ನನ್ನ ಚೀಲದಲ್ಲಿ ಬಸ್ಸಿನ ಶಿಕ್ಕಾ ಇರಲಿಲ್ಲ. ಬಂಡಿಯ ಗಾಲಿ ಇತ್ತು, ಮೈಲುಗಲ್ಲು ಇತ್ತು. ಗಾಲಿಯ ಅಂಚಿಗಷ್ಟೇ ಶಾಯಿ ಹಚ್ಚಿ ಒತ್ತಿದರೆ ಸ್ಟೇರಿಂಗ್ ಆಗುತ್ತದೆ. ಅದರ ನಡುವೆ ಕಾಣುವ ದಾರಿ, ದಾರಿಯ ಬದಿಗೆ ಮೈಲುಗಲ್ಲು. ಯೋಚನೆ ಹೊಳೆದ ಖುಷಿಯಲ್ಲಿ ಬಣ್ಣ ಎಳೆದೆ. ಕರೆಂಟು ಹೋಯಿತು. ಫ್ಯಾನು ನಿಂತಿತು. ಹೊರಗೆ ಮಳೆ, ಗಾಳಿಯಲ್ಲಿ ತೇವ, ಹಾಳೆ ಒಣಗುತ್ತಲೇ ಇಲ್ಲ. ಒಂದೂವರೆ ತಾಸು ಹೋಗಿತ್ತು. ಹನ್ನೊಂದು ಜೊತೆ ಕಣ್ಣು ಆಗಾಗ ನನ್ನ ಬೆಂಚಿನ ಕಡೆ ಬರುತ್ತಿದ್ದವು. ಅಕ್ಕೋರು ಸುಮ್ಮನೆ ಕುಳಿತಿದ್ದಾರೆ, ಏನೂ ಬರುವುದಿಲ್ಲವೇನೋ ಅಂದುಕೊಳ್ಳುತ್ತಾರೆ ಎನ್ನಿಸಿತು. ಕೈಯ ಹಿಂಬದಿ ಮುಟ್ಟಿಸಿ ನೋಡಲಿಲ್ಲ. ಗಾಲಿಯ ಅಂಚಿಗೆ ಶಾಯಿ ಹಚ್ಚಿ, ಹಾಳೆಯ ಮೇಲೆ ಇಟ್ಟುಬಿಟ್ಟೆ.

ಎತ್ತಿದಾಗ ಗಾಲಿ ಉಳಿದಿರಲಿಲ್ಲ. ನೇರಳೆ ಶಾಯಿ ಜೇಡನ ಕಾಲಿನಂತೆ ಎಲ್ಲ ಕಡೆ ಹರಿಯುತ್ತಿತ್ತು.

ಹತ್ತು ವರ್ಷ ಬೇಡ ಬೇಡ ಎಂದು ಹೇಳಿದ ತಪ್ಪನ್ನು, ಹೇಳಿಸಿಕೊಂಡವರ ಮುಂದೆಯೇ ಮಾಡಿದ್ದೆ. ಎದ್ದು ಹೋಗಿಬಿಡಲೇ ಎಂದು ಚೀಲದ ಹಿಡಿಕೆಗೆ ಕೈ ಹಾಕಿದೆ. ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿದೆ. ದಪ್ಪ ಹಾಳೆ, ಕಲೆ ಹಿಂದಕ್ಕೆ ಇಳಿದಿರಲಿಲ್ಲ. ಮಡಿಕೆಯನ್ನು ಒಳಮುಖ ಮಾಡಿದೆ. ಕೆಟ್ಟದ್ದು ಒಳಗೆ ಹೋಯಿತು, ಬಿಳಿಯದು ಹೊರಗೆ ಬಂತು. ಉಳಿದಿದ್ದದ್ದು ಒಂದೂಕಾಲು ತಾಸು. ಮತ್ತೆ ಬಣ್ಣ ಎಳೆದೆ, ಈ ಸಲ ತೆಳ್ಳಗೆ. ಮತ್ತೆ ಕುಳಿತೆ. ಕೈ ಮುಟ್ಟಿಸಿದೆ, ತಣ್ಣಗಿತ್ತು. ಇನ್ನೊಮ್ಮೆ, ಮತ್ತೂ ತಣ್ಣಗಿತ್ತು. "ಅರ್ಧ ತಾಸು" ಎಂದು ಪರೀಕ್ಷಕರು ಕೂಗಿದರು. ಮುಟ್ಟಿಸಿದೆ. ತಣ್ಣಗೇ. ಹುಡುಗಿಯರು ಒಬ್ಬೊಬ್ಬರಾಗಿ ಕುಂಚ ತೊಳೆಯುವ ಸದ್ದು. ಹತ್ತು ನಿಮಿಷ ಉಳಿದಾಗ ಕೈಗೆ ತಂಪು ಹತ್ತಲಿಲ್ಲ. ಗಾಲಿ ಒತ್ತಿದೆ. ಮೈಲುಗಲ್ಲು ಒತ್ತಿದೆ. ಎರಡೂ ನಿಂತವು. ಒಳಗೆ, ಕಲೆ ಇಲ್ಲದ ಅರ್ಧದಲ್ಲಿ, "ಇನ್ನು ನಿಮ್ಮನ್ನು ಕೂರಿಸಿಕೊಂಡು ನಾವು ಓಡಿಸುತ್ತೇವೆ" ಎಂದು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಪರೀಕ್ಷಕರು ಒಬ್ಬೊಬ್ಬರನ್ನು ಕರೆದು ಮಾತಾಡಿಸಿದರು. ನನ್ನ ಕಾರ್ಡಿನ ಹೊರಗನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೆರೆದರು.

"ಇದೇನ್ರಿ ಒಳಗ?"

"ತಪ್ಪುರಿ ಸರ್. ಹಸಿ ಇದ್ದಾಗ ಒತ್ತಿದೆ."

"ಎಷ್ಟು ವರ್ಷ ಆತು ನೀವು ಇದನ್ನ ಕಲಸಾಕ ಹತ್ತಿ?"

"ಹತ್ತು ವರ್ಷರಿ."

"ಹತ್ತು ವರ್ಷ ಕಲಿಸಿದವರು ಹಿಂಗ ಮಾಡಿದ್ರ, ನಿಮ್ಮ ಕೈಯಾಗ ಕಲ್ತವರ ಗತಿ ಏನ್ರಿ?"

ನನಗೆ ಸಿಟ್ಟು ಬಂತು. ಅಂಜಿಕೆಗಿಂತ ಅದು ಚೆನ್ನಾಗಿತ್ತು. "ಅವರ ಕಾರ್ಡ್ ನೋಡ್ರಿ ಸರ್. ಹನ್ನೊಂದರಾಗ ಒಂದರಾಗೂ ಶಾಯಿ ಹರದಿಲ್ಲ" ಅಂದೆ.

ಅವರು ಕನ್ನಡಕದ ಮೇಲಿಂದ ನೋಡಿ, ಹಾಳೆಗೆ ಅಡ್ಡ ಕೈಯಿಟ್ಟು ಏನೋ ಬರೆದುಕೊಂಡರು.

ಹೊರಗೆ ಪಡಸಾಲೆಯಲ್ಲಿ ಮಹಾದೇವಿ ನನ್ನ ಹಿಂದೆಯೇ ಬಂದಳು. ದನಿ ತಗ್ಗಿಸಿ, "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾನೂ ಒತ್ತಾಕ ಶಿಕ್ಕಾ ಎತ್ತಿದ್ನಿರಿ. ನಿಮ್ಮದು ಹರಿಯೂದು ಕಾಣಸ್ತು. ಹಂಗ ಕೆಳಗಿಟ್ನಿ" ಅಂದಳು.

"ಅಂದ್ರ ನಾ ಕೆಟ್ಟಿದ್ದಕ್ಕ ನೀ ಉಳದಿ?"

"ಹೌದ್ರಿ" ಅಂದು ನಕ್ಕಳು. ನಗು ನನಗೂ ಬಂತು, ಆದರೆ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿಯೇ ಕುಳಿತೆ.

ಫಲಿತಾಂಶಕ್ಕೆ ಏಳು ವಾರ ಕಾದೆವು. ಆ ಏಳು ವಾರ ನಾನು ತರಗತಿಯಲ್ಲಿ ಯಾರ ಕಾರ್ಡಿಗೂ ತಪ್ಪು ಎನ್ನಲಿಲ್ಲ. ಎನ್ನುವ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ಸುಶೀಲಾಬಾಯಿ ಕೈಯಲ್ಲಿ ಪಟ್ಟಿ ಹಿಡಿದು ಬಂದರು. ಮೊದಲ ಬಾರಿಗೆ ಫೂಟಪಟ್ಟಿ ಇರಲಿಲ್ಲ. ಹನ್ನೆರಡು ಮಂದಿಯೂ ಪಾಸು. ಮಹಾದೇವಿ ಮೊದಲನೇ ದರ್ಜೆ. ನಾನು ಎರಡನೇ ದರ್ಜೆ.

"ಶಿಷ್ಯಾಳಕಿಂತ ಕೆಳಗ ಬಂದ್ರಲ್ರಿ ನೀಲವ್ವ" ಅಂದರು ಬಾಯಾರು.

"ಹಂಗ ಬರಬೇಕ್ರಿ ಬಾಯಾರ" ಅಂದೆ. ಮನಸಾರೆ ಅಂದೆ.

ಸರ್ಟಿಫಿಕೇಟು ಹಂಚುವ ದಿನ ಕೇಂದ್ರದ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಎಲ್ಲರ ಮನೆಯವರೂ ಬಂದಿದ್ದರು. ಹೆಸರು ಕರೆದಂತೆ ಹುಡುಗಿಯರು ಹೋಗಿ ತಗೊಂಡು ಬಂದರು. ಕೊನೆಗೆ ನನ್ನ ಹೆಸರು. ಸುಶೀಲಾಬಾಯಿ ಎರಡೂ ಕೈಯಿಂದ ಕೊಟ್ಟರು, ನಾನೂ ಎರಡೂ ಕೈಯಿಂದ ತಗೊಂಡೆ. ಹುಡುಗಿಯರು ಚಪ್ಪಾಳೆ ಹೊಡೆಯುತ್ತಿದ್ದಾಗ ನೇರ ನಡೆದುಹೋಗಿ ಅದನ್ನು ಅವ್ವನ ಕೈಗಿಟ್ಟೆ.

ಅವ್ವ ಸೆರಗಿಗೆ ಕೈ ಒರಸಿಕೊಂಡು ಹಿಡಿದಳು. ಅಕ್ಷರದ ಕಡೆ ನೋಡಲಿಲ್ಲ. ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಕೆಳಗಿದ್ದ ಸರಕಾರಿ ಮೊಹರಿನ ಮೇಲೆ ಬೆರಳಿಟ್ಟಳು.

"ಶಿಕ್ಕಾ ಸೊಟ್ಟ ಬಿದ್ದೈತಿ ನೋಡ" ಅಂದಳು. "ಒತ್ತಿದಾವ ನಿನ್ನ ಕೈಯಾಗ ಕಲ್ತಾವ ಅಲ್ಲ ತಗೊ."